ಹೆಡ್‌ಫೋನ್‌ಗೆ ಹೊಸ ಇಯರ್ ಪ್ಯಾಡ್: ಸಕಲೇಶಪುರಕ್ಕೆ ಒಂದು, ಅರಸೀಕೆರೆಗೆ ಇನ್ನೊಂದು

ಹೆಡ್‌ಫೋನ್ ತೆಗೆದಿಟ್ಟ ಮೇಲೆ ಕಿವಿಯ ಸುತ್ತ, ಕೆನ್ನೆಯ ಮೇಲೆ ಕರಿ ಪೊರೆಯ ಚೂರುಗಳು ಅಂಟಿಕೊಂಡಿದ್ದರೆ ಪ್ಯಾಡಿನ ಆಯಸ್ಸು ಮುಗಿದಿದೆ. ಒಳಗಿನ ಸ್ಪೀಕರ್ ಮಾತ್ರ ಇನ್ನೂ ಎಷ್ಟೋ ವರ್ಷ ಹಾಡಬಲ್ಲದು. ಯಾವ ಹೆಡ್‌ಫೋನಿನಲ್ಲೂ ಸಾಮಾನ್ಯವಾಗಿ ಮೊದಲು ಹೋಗುವುದು ಈ ಮೆತ್ತೆಯೇ. ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಮೊಬೈಲ್ ಅಂಗಡಿಗೆ ಹೋಗಿ "ಹೆಡ್‌ಫೋನ್ ಸ್ಪಂಜ್ ಕೊಡಿ" ಎಂದು ಕೇಳಿ, ಕೊಟ್ಟದ್ದನ್ನು ಹಾಕಿಕೊಂಡು, ಆಮೇಲೆ "ಯಾಕೋ ಮೊದಲಿನ ಸೌಂಡೇ ಇಲ್ಲ" ಎನ್ನುವವರು ಬಹಳ ಮಂದಿ. ಸೌಂಡ್ ಹೋಗಿದ್ದು ನಿಜವೇ. ಸ್ಪೀಕರಿಗೂ ಕಿವಿಗೂ ನಡುವೆ ಒಂದು ಪುಟ್ಟ ಕೋಣೆ ಇದೆ, ಅದರ ಗೋಡೆ ಈ ಪ್ಯಾಡ್. ಗೋಡೆಯ ಎತ್ತರ, ದಪ್ಪ, ಬಟ್ಟೆ ಬದಲಾದರೆ ಕೋಣೆಯೊಳಗಿನ ಸದ್ದೂ ಬದಲಾಗುತ್ತದೆ.

ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಒಂದೇ ಜಿಲ್ಲೆಯೊಳಗೆ ಎರಡು ಹವಾಮಾನ. ಅರಸೀಕೆರೆ, ಕಡೂರಿನಲ್ಲಿ ಒಣ ಗಾಳಿ, ಧೂಳು; ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಕಡೆ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ಥಂಡಿ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೂತವರು ಮೆಚ್ಚಿದ ಪ್ಯಾಡ್ ಇಲ್ಲಿ ಅಷ್ಟೇ ದಿನ ಬಾಳುತ್ತದೆ ಎಂದೇನಿಲ್ಲ. ಹಾಗಾಗಿ ಬ್ರ್ಯಾಂಡ್ ಆಮೇಲೆ ನೋಡೋಣ, ಊರು ಮೊದಲು.

ಸಿಪ್ಪೆ ಏಳುವುದು ಯಾಕೆ

ಹೆಡ್‌ಫೋನಿನ ಜೊತೆ ಬರುವ ಪ್ಯಾಡುಗಳಲ್ಲಿ ಬಹುಪಾಲು ಪಿಯು ಲೆದರಿನವು, ನಮ್ಮ ಬಾಯಲ್ಲಿ ಹೇಳುವುದಾದರೆ ರೆಕ್ಸಿನ್. 'ಪ್ರೋಟೀನ್ ಲೆದರ್', 'ಸಾಫ್ಟ್ ಲೆದರೆಟ್' ಎಂದು ಡಬ್ಬದ ಮೇಲೆ ಏನೇ ಬರೆದಿದ್ದರೂ ಅವೂ ಕೃತಕವೇ. ಹೆಣೆದ ತೆಳು ಬಟ್ಟೆಯ ಮೇಲೆ ಪಾಲಿಯುರೆಥೇನಿನ ಪದರ ಬಳಿದಿರುತ್ತಾರೆ. ತೇವ, ಬಿಸಿ, ಬೆವರು ಸೇರಿದಾಗ ನೀರಿನ ಅಂಶ ಈ ಪದರದ ರಾಸಾಯನಿಕ ಕೊಂಡಿಗಳನ್ನೇ ಒಂದೊಂದಾಗಿ ಕಡಿಯುತ್ತಾ ಹೋಗುತ್ತದೆ. ಮೊದಲು ಮೈ ಅಂಟಂಟಾಗುತ್ತದೆ, ಆಮೇಲೆ ಸಣ್ಣ ಬಿರುಕು, ಕೊನೆಗೆ ಪೊರೆ. ತಲೆಗೆ ಎಣ್ಣೆ ಹಚ್ಚುವ ಅಭ್ಯಾಸವಿದ್ದರೆ ಪ್ಯಾಡಿನ ಮೇಲಂಚು, ಅಂದರೆ ಕೂದಲು ತಾಗುವ ಜಾಗ, ಉಳಿದ ಕಡೆಗಿಂತ ಮೊದಲು ಜಿಗುಟಾಗುತ್ತದೆ. ಹಳೆಯ ಪ್ಯಾಡನ್ನು ಬೆಳಕಿಗೆ ಹಿಡಿದು ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಸವೆತಕ್ಕೆ ಬಳಕೆಯೇ ಬೇಕಾಗಿಲ್ಲ. ಗಾಳಿಯ ತೇವ ಸಾಕು. ಬೀರುವಿನಲ್ಲಿ ಕವರ್ ಬಿಚ್ಚದೆ ಇಟ್ಟ ರೆಕ್ಸಿನ್ ಪ್ಯಾಡ್ ಕೂಡ ಮೂರ್ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಸಿಪ್ಪೆ ಏಳಬಹುದು. 'ಆಫರ್ ಇದೆ' ಎಂದು ಮೂರು ಜೊತೆ ತಂದಿಡುವುದು ಮಲೆನಾಡಿನಲ್ಲಿ ದುಡ್ಡು ನೀರಿಗೆ ಹಾಕಿದ ಹಾಗೆಯೇ.

ಯಾವ ಊರಿಗೆ ಯಾವ ಮೈ

ರೆಕ್ಸಿನ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಗಾಳಿ ಸೋರದಂತೆ ಕೂರುತ್ತದೆ. ಕಡೂರು, ಅರಸೀಕೆರೆ, ಹಾಸನ ಪಟ್ಟಣದವರೆಗೆ ಇದನ್ನು ಹಾಕಿಕೊಂಡು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುವುದರಲ್ಲಿ ತಪ್ಪಿಲ್ಲ. ಬೇಸಿಗೆಯಲ್ಲಿ ಕಿವಿ ಬೇಯುತ್ತದೆ, ಅದೊಂದು ಕಿರಿಕಿರಿ.

ಅಸಲಿ ಕುರಿ ಚರ್ಮದ ಪ್ಯಾಡ್ ಹೀಗೆ ಪೊರೆ ಬಿಡುವುದಿಲ್ಲ. ಮೆತ್ತಗೆ, ಗಾಳಿ ಸೋರದಂತೆ ಕೂರುತ್ತದೆ, ರೆಕ್ಸಿನಿಗಿಂತ ಹೆಚ್ಚು ಕಾಲ ಬರುತ್ತದೆ, ಬೆಲೆಯೂ ಹಾಗೇ. ಆದರೆ ಚರ್ಮದ ಬೆಲ್ಟು, ಚಪ್ಪಲಿ ಮಳೆಗಾಲದಲ್ಲಿ ಏನಾಗುತ್ತವೆ ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಹದಿನೈದು ದಿನ ಮುಟ್ಟದೆ ಬಿಟ್ಟರೆ ಬಿಳಿ ಬೂಷ್ಟು. ದಿನವೂ ಬಳಸುವವರು, ಒಣ ಡಬ್ಬದಲ್ಲಿಡುವ ತಾಳ್ಮೆ ಇರುವವರು ಮಾತ್ರ ಇದಕ್ಕೆ ಕೈಹಾಕಿ.

ವೆಲೋರ್, ಅಂದರೆ ಮಖಮಲ್ಲಿನಂಥ ಬಟ್ಟೆ. ಇದರಲ್ಲಿ ಸಿಪ್ಪೆ ಏಳುವ ಪದರವೇ ಇಲ್ಲ. ಕಿವಿ ಬೆವರುವುದೂ ಕಡಿಮೆ, ಕಳಚಿ ಕೈಯಲ್ಲೇ ಒಗೆಯಬಹುದು. ತೊಂದರೆ ಎರಡು: ಥಂಡಿ ಹೀರಿಕೊಂಡು ಮುಗ್ಗಲು ವಾಸನೆ ಬರುತ್ತದೆ, ಆಷಾಢದಲ್ಲಿ ಒಗೆದರೆ ಒಣಗಲು ಮೂರು ದಿನ ಬೇಕು. ಮಲೆನಾಡಿನಲ್ಲಿ ವೆಲೋರ್ ಕೊಳ್ಳುವುದಾದರೆ ಎರಡು ಜೊತೆ ಕೊಳ್ಳಿ. ಮೇಲೆ ಹೇಳಿದ 'ಜಾಸ್ತಿ ತಂದಿಡಬೇಡಿ' ಎಂಬ ಮಾತು ರೆಕ್ಸಿನಿಗೆ, ಇದಕ್ಕಲ್ಲ. ಅರಸೀಕೆರೆ ಕಡೆಯವರಿಗೆ ಎಚ್ಚರಿಕೆ ಬೇರೆ ಇದೆ: ವೆಲೋರ್ ಧೂಳನ್ನು ಅಯಸ್ಕಾಂತದ ಹಾಗೆ ಎಳೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಸೆಲ್ಲೋಟೇಪಿನ ಅಂಟು ಮೈಯನ್ನು ಒತ್ತಿ ಎತ್ತಿದರೆ ಧೂಳೆಲ್ಲ ಬರುತ್ತದೆ.

ಚರ್ಮದಂಥ ಮೈಗೂ ಬಟ್ಟೆಗೂ ನಡುವಿನದು ಹೈಬ್ರಿಡ್: ಮುಖಕ್ಕೆ ತಾಗುವ ಭಾಗ ಬಟ್ಟೆ, ಹೊರ ಗೋಡೆ ರೆಕ್ಸಿನ್ ಅಥವಾ ಚರ್ಮ. ಕೆನ್ನೆಗೆ ಪೊರೆ ಅಂಟುವುದಿಲ್ಲ, ಹೊರಗೋಡೆಯಿಂದ ಗಾಳಿ ಸೋರುವುದಿಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ, ಮುಚ್ಚಿದ ಕಪ್ಪಿನ (ಅಂದರೆ ಸ್ಪೀಕರ್ ಇರುವ ಬಟ್ಟಲಿನ ಹಿಂಬದಿ ಪೂರ್ತಿ ಮುಚ್ಚಿರುವ) ಹೆಡ್‌ಫೋನ್ ಇರುವವರಿಗೆ ನಮ್ಮ ಮೊದಲ ಆಯ್ಕೆ ಇದೇ.

ಒಳಗಿನ ಫೋಮಿನ ವಿಷಯ ಬೇಗ ಮುಗಿಸಬಹುದು. 'ಮೆಮೊರಿ ಫೋಮ್' ಎಂದು ಮಾರುವುದೆಲ್ಲ ಮೆಮೊರಿ ಫೋಮ್ ಆಗಿರುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ಬಿಡಿ. ಗುಳಿ ಎರಡು ಮೂರು ಸೆಕೆಂಡು ಉಳಿದು ನಿಧಾನ ತುಂಬಿಕೊಂಡರೆ ಅಸಲಿ, ತಟ್ಟನೆ ಪುಟಿದರೆ ಸಾದಾ ಫೋಮ್. ಅಸಲಿ ಮೆಮೊರಿ ಫೋಮ್ ಮುಖದ ಆಕಾರಕ್ಕೆ ಒಗ್ಗುತ್ತದೆ, ಆದರೆ ಚಳಿಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಚಿಕ್ಕಮಗಳೂರಿನಲ್ಲಿ ಹೆಡ್‌ಫೋನ್ ಹಾಕಿದ ಕೂಡಲೇ ಬೇಸ್ ಕಡಿಮೆ ಅನ್ನಿಸಿದರೆ ಹೆದರಬೇಡಿ; ಮೈಬಿಸಿ ತಾಗಿ ಐದು ನಿಮಿಷದಲ್ಲಿ ಮೆತ್ತಗಾಗಿ ಸರಿಯಾಗಿ ಕೂರುತ್ತದೆ.

ಅಳತೆ: ಸ್ಕೇಲು, ದಾರ, ಕಿವಿ

ಮಾಡೆಲ್ ಹೆಸರು ಹಾಕಿ ಹುಡುಕಿದಾಗ ಅದಕ್ಕೆಂದೇ ಮಾಡಿದ ಪ್ಯಾಡ್ ಸಿಕ್ಕರೆ ಅಳತೆಯ ತಲೆನೋವಿಲ್ಲ. ಸಿಗದಿದ್ದಾಗ ದುಂಡು ಪ್ಯಾಡುಗಳ ಮೊರೆ ಹೋಗಬೇಕು. ಅವು 50 ಮಿ.ಮೀ.ಯಿಂದ 110 ಮಿ.ಮೀ.ವರೆಗೆ ಐದೈದು ಮಿ.ಮೀ. ಅಂತರದಲ್ಲಿ ಸಿಗುತ್ತವೆ. ಅಳೆಯಬೇಕಾದ್ದು ಹಳೆಯ ಪ್ಯಾಡನ್ನಲ್ಲ, ಅದು ಹಿಗ್ಗಿ ಸವೆದು ಹೋಗಿರುತ್ತದೆ. ಪ್ಯಾಡ್ ಕಳಚಿ ಪ್ಲಾಸ್ಟಿಕ್ ಕಪ್ಪಿನ ಅಂಚನ್ನು ಅಳೆಯಿರಿ.

ಕಪ್ ದುಂಡಗಿದ್ದರೆ ಸ್ಕೇಲು ಸಾಕು. ಮೊಟ್ಟೆಯಾಕಾರ ಇದ್ದರೆ ಅಂಚಿನ ಸುತ್ತ ಒಂದು ದಾರ ಸುತ್ತಿ, ಅದರ ಉದ್ದವನ್ನು 3.14ರಿಂದ ಭಾಗಿಸಿ. ಉದಾಹರಣೆಗೆ ಕಪ್ 95 ಮಿ.ಮೀ. ಉದ್ದ, 80 ಮಿ.ಮೀ. ಅಗಲ ಇದ್ದರೆ ದಾರ ಸುಮಾರು 275 ಮಿ.ಮೀ. ಬರುತ್ತದೆ, ಭಾಗಿಸಿದರೆ ಸುಮಾರು 87.6. ಇದಕ್ಕೆ 85ರದ್ದೇ? 90ರದ್ದೇ? ಅಂಚಿಗೆ ಎಳೆದು ಸಿಕ್ಕಿಸುವ ಬಗೆಯ ಪ್ಯಾಡಾದರೆ 85 ತಗೊಳ್ಳಿ. ಹಿಂಬದಿಯ ತುಟಿ, ಅಂದರೆ ಕಪ್ಪಿಗೆ ಸಿಕ್ಕಿಸುವ ತೆಳು ಅಂಚು, ಸ್ವಲ್ಪ ಹಿಗ್ಗುತ್ತದೆ, ಬಿಗಿಯಾಗಿ ಕೂರುತ್ತದೆ. 90 ಹಾಕಿದರೆ ಸುಕ್ಕು ಬಿದ್ದು ಆ ಸುಕ್ಕಿನಲ್ಲೇ ಗಾಳಿ ಸೋರುತ್ತದೆ. ಐದು ಮಿ.ಮೀ.ಗಿಂತ ಹೆಚ್ಚು ಚಿಕ್ಕದನ್ನು ಎಳೆದು ಹಾಕಲು ಹೋದರೆ ಹೊಲಿಗೆ ಬಿಚ್ಚುತ್ತದೆ.

ಹೊರ ಅಳತೆ ಸರಿಯಾದರೆ ಕೆಲಸ ಮುಗಿಯಲಿಲ್ಲ, ಒಳಗೆ ಕಿವಿ ಹಿಡಿಸಬೇಕಲ್ಲ. ದೊಡ್ಡವರ ಕಿವಿ ಸಾಮಾನ್ಯವಾಗಿ 6ರಿಂದ 6.5 ಸೆಂ.ಮೀ. ಉದ್ದ, ತಲೆಯಿಂದ ಹೊರಕ್ಕೆ ಸುಮಾರು 2 ಸೆಂ.ಮೀ. ಚಾಚಿರುತ್ತದೆ. ವಯಸ್ಸಾದಂತೆ ಉದ್ದ ಹೆಚ್ಚುತ್ತದೆ, ಅಪ್ಪನಿಗೋ ಅಜ್ಜನಿಗೋ ಕೊಳ್ಳುವಾಗ ಅವರ ಕಿವಿಯನ್ನೇ ಅಳೆಯಿರಿ. ಪ್ಯಾಡಿನ ಒಳರಂಧ್ರ ಕಿವಿಯ ಉದ್ದಕ್ಕಿಂತ ಕಡಿಮೆ ಇದ್ದರೆ ಕಿವಿಯ ಮೇಲೇ ಕೂತು ಅರ್ಧ ಗಂಟೆಗೆ ನೋಯುತ್ತದೆ. ಆಳವೂ ಮುಖ್ಯ: ತಲೆಗೆ ಹಾಕಿದಾಗ ಫೋಮ್ ಅಮುಕಿಕೊಳ್ಳುವುದರಿಂದ 20 ಮಿ.ಮೀ. ಎಂದು ಬರೆದದ್ದು 20 ಆಗಿ ಉಳಿಯುವುದಿಲ್ಲ. ಕಿವಿಯ ತುದಿ ಒಳಗಿನ ಬಟ್ಟೆಗೆ ತಾಗಿ ಉರಿಯುತ್ತಿದ್ದರೆ 25 ಮಿ.ಮೀ. ಪ್ಯಾಡ್, ಇಲ್ಲವೇ ಹಿಂಬದಿ ದಪ್ಪ ಇರುವ ಓರೆ ಪ್ಯಾಡ್ ನೋಡಿ.

ಹಾಗೆಂದು ದಪ್ಪ ಆದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಒಂದೊಂದು ಕಡೆ 5 ಮಿ.ಮೀ. ದಪ್ಪ ಹೆಚ್ಚಿದರೆ ಹೆಡ್‌ಬ್ಯಾಂಡ್ ಒಟ್ಟು ಒಂದು ಸೆಂ.ಮೀ. ಅಗಲಿಸಬೇಕು, ಅಷ್ಟು ಬಿಗಿ ತಲೆಗೆ ಬೀಳುತ್ತದೆ. ಕನ್ನಡಕ ಹಾಕುವವರಿಗೆ ಕಡ್ಡಿ ಒತ್ತಿ ಕಪಾಲ ನೋಯುವುದು ಇದರಿಂದಲೇ.

ಸದ್ದು ಎಲ್ಲಿ ಬದಲಾಗುತ್ತದೆ

ಮುಚ್ಚಿದ ಕಪ್ಪಿನ ಹೆಡ್‌ಫೋನಿನಲ್ಲಿ ಬೇಸ್ ನಿಂತಿರುವುದು ಗಾಳಿ ಸೋರದಿರುವುದರ ಮೇಲೆ. ಒಂದು ಸಣ್ಣ ಸಂದಿ ಇದ್ದರೂ ಮೃದಂಗದ ಎಡಂತಲೆಯ ತುಂಬು ನಾದ ಅಲ್ಲಿಂದ ಜಾರಿ, ಬಲಂತಲೆಯ ಚಾಪು ಮಾತ್ರ ಉಳಿಯುತ್ತದೆ. ಪರೀಕ್ಷೆ ಬಹಳ ಸುಲಭ, ಹಳೆಯ ಪ್ಯಾಡಿನ ಮೇಲೆಯೇ ಮಾಡಿ ನೋಡಿ: ಹಾಡು ನುಡಿಯುತ್ತಿರುವಾಗ ಎರಡೂ ಕಪ್ಪನ್ನು ಅಂಗೈಯಿಂದ ಮೆಲ್ಲಗೆ ತಲೆಗೆ ಒತ್ತಿ. ಬೇಸ್ ಒಮ್ಮೆಲೇ ಏರಿತೆಂದರೆ ಈಗ ಸೋರುತ್ತಿದೆ. ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಮಾಡಿದರೆ ಕಡ್ಡಿಯ ಪಾಲೆಷ್ಟು ಎಂದೂ ಗೊತ್ತಾಗುತ್ತದೆ. ಕಡ್ಡಿ ದಪ್ಪ ಇದ್ದರೆ ಗಟ್ಟಿ ರೆಕ್ಸಿನ್ ಪ್ಯಾಡಿಗಿಂತ ಮೆತ್ತನೆಯ ಮೆಮೊರಿ ಫೋಮ್ ಅದರ ಸುತ್ತ ಚೆನ್ನಾಗಿ ತುಂಬಿಕೊಳ್ಳುತ್ತದೆ.

ರೆಕ್ಸಿನ್ ಪ್ಯಾಡಿಗೆ ಮಾಡಿದ ಹೆಡ್‌ಫೋನಿಗೆ ವೆಲೋರ್ ಹಾಕಿದರೆ ಸಾಮಾನ್ಯವಾಗಿ ಬೇಸ್ ಇಳಿಯುತ್ತದೆ, ಹೊರಗಿನ ಗದ್ದಲ ಹೆಚ್ಚು ಕೇಳುತ್ತದೆ. ಆದರೆ ವೆಲೋರ್ ಎಂದಾಕ್ಷಣ ಬೇಸ್ ಇಲ್ಲ ಎಂದಲ್ಲ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 80 ಓಮ್ ಮುಚ್ಚಿದ ಕಪ್ಪಿನದೇ, ಬರುವುದು ಮಾತ್ರ ವೆಲೋರ್ ಪ್ಯಾಡಿನ ಜೊತೆ, ಬೇಸಿಗೆ ಕೊರತೆ ಇಲ್ಲ. ಅದನ್ನು ವೆಲೋರಿಗೆ ಲೆಕ್ಕ ಹಾಕಿಯೇ ಮಾಡಿದ್ದಾರೆ. ಅದಕ್ಕೆ ರೆಕ್ಸಿನ್ ಹಾಕಿದರೆ ಸದ್ದು ಕಂಪನಿಯ ಲೆಕ್ಕದಿಂದ ಇನ್ನೊಂದು ದಿಕ್ಕಿಗೆ ಹೋಗುತ್ತದೆ. ಸೆನ್‌ಹೈಸರ್ ಎಚ್‌ಡಿ 600ರಂಥ ತೆರೆದ ಕಪ್ಪಿನವಕ್ಕೂ (ಹಿಂಬದಿ ಜಾಲರಿ ಇರುವಂಥವಕ್ಕೂ) ಇದೇ ಮಾತು. ಹಳೆಯ ಸದ್ದೇ ಬೇಕೆಂದರೆ ಮೊದಲಿದ್ದ ಬಟ್ಟೆ, ಮೊದಲಿದ್ದ ಆಳ, ಮೊದಲಿದ್ದ ರಂಧ್ರ. ಇದಕ್ಕಿಂತ ಸರಳ ಸೂತ್ರ ಇಲ್ಲ.

ಆಳ ಹೆಚ್ಚಿದರೆ ಸ್ಪೀಕರ್ ಕಿವಿಯಿಂದ ದೂರ ಹೋಗುತ್ತದೆ. ಹಾಡುವವರು ಎರಡು ಹೆಜ್ಜೆ ಹಿಂದೆ ಸರಿದು ನಿಂತಂತೆ ಅನ್ನಿಸಬಹುದು. ಕೆಲವರು ಇದನ್ನೇ 'ಸ್ಟೇಜ್ ದೊಡ್ಡದಾಯಿತು' ಎಂದು ಮೆಚ್ಚುತ್ತಾರೆ. ಒಳರಂಧ್ರ ಚಿಕ್ಕದಾಗಿ ಸ್ಪೀಕರಿನ ಅಂಚನ್ನು ಮುಚ್ಚಿದರೆ ತಾಳದ ಮಿನುಗು, ಸಕಾರ ಶಕಾರಗಳ ಚೂಪು ಮಂಕಾಗುತ್ತದೆ. ಒಳಗೋಡೆಗೆ ತೂತು ತೂತಿನ ಬಟ್ಟೆ ಇದ್ದರೆ ಅದೂ ಸ್ವಲ್ಪ ಹೀರುತ್ತದೆ. ಬೇಸ್, ಚೂಪು ಏರಿಳಿಸುವ ಫೋನಿನ ಈಕ್ವಲೈಸರಿನಿಂದ ಇಂಥದ್ದನ್ನು ಬಹುಮಟ್ಟಿಗೆ ಸರಿಮಾಡಬಹುದು. ಗಾಳಿ ಸೋರುವುದನ್ನು ಮಾತ್ರ ಆಗುವುದಿಲ್ಲ, ತಲೆ ಅಲ್ಲಾಡಿಸಿದಾಗಲೆಲ್ಲ ಸೋರಿಕೆ ಬದಲಾಗುತ್ತದೆ.

ಹೊರಗಿನ ಗದ್ದಲ ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಇದ್ದವರು ಪ್ರಯೋಗಕ್ಕೇ ಇಳಿಯಬೇಡಿ. ಅವುಗಳ ಕಪ್ಪಿನೊಳಗಿನ ಮೈಕು ಅಸಲಿ ಪ್ಯಾಡಿನ ಕೋಣೆಗೆ ಹೊಂದಿಸಿರುವಂಥದ್ದು. ಬೇರೆ ದಪ್ಪದ್ದು ಹಾಕಿದರೆ ಬಸ್ಸಿನ ಗುಂಯ್‌ಗುಡುವಿಕೆ ಮೊದಲಿನಷ್ಟು ಅಡಗುವುದಿಲ್ಲ, ತಲೆ ತಿರುಗಿಸಿದಾಗ ಧಬ್ ಧಬ್ ಎನ್ನುತ್ತದೆ, ಕೆಲವೊಮ್ಮೆ ಕೀರಲು ಶಬ್ದವೇ ಹುಟ್ಟುತ್ತದೆ. ಸೋನಿ ಡಬ್ಲ್ಯೂಎಚ್-1000ಎಕ್ಸ್‌ಎಂ4ರಲ್ಲಿ ಎಡಗಪ್ಪಿನೊಳಗೆ ಹೆಡ್‌ಫೋನ್ ಹಾಕಿದ್ದೀರೋ ಇಲ್ಲವೋ ಎಂದು ತಿಳಿಯುವ ಸೆನ್ಸರ್ ಇದೆ. ಬದಲಿ ಪ್ಯಾಡಿನ ಬಟ್ಟೆ ಅದನ್ನು ಮುಚ್ಚಿದರೆ ಹಾಡು ತಾನಾಗಿ ನಿಲ್ಲುವ ಸೌಲಭ್ಯ ಕೈಕೊಡುತ್ತದೆ. ಇಂಥವಕ್ಕೆ ಅಸಲಿ ಪ್ಯಾಡ್, ಅದಿಲ್ಲದಿದ್ದರೆ ಆ ಮಾಡೆಲಿಗೆಂದೇ ಮಾಡಿದ್ದು.

ಕಳಚಿ ಕೂರಿಸುವುದು

ಮೊದಲು ಫೋನಿನಲ್ಲಿ ಒಂದು ಫೋಟೋ: ಎಡ ಬಲ, ಪ್ಯಾಡಿನ ದಪ್ಪ ಭಾಗ ಯಾವ ಕಡೆ, ಒಳಬಟ್ಟೆ ಹೇಗೆ ಕೂತಿದೆ. ಬಿಳಿ ಪಂಚೆಯನ್ನೋ ಹಳೇ ಕ್ಯಾಲೆಂಡರಿನ ಹಾಳೆಯನ್ನೋ ಹಾಸಿಕೊಳ್ಳಿ, ಬಿದ್ದ ಚೂರು ಕಾಣುತ್ತದೆ.

ಪ್ಯಾಡ್ ಯಾವ ಬಗೆಯಲ್ಲಿ ಕೂತಿದೆ ಎಂದು ನೋಡಿ. ಆಡಿಯೋ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್, ಸೋನಿ ಎಂಡಿಆರ್-7506ರಂಥವುಗಳಲ್ಲಿ ಪ್ಯಾಡಿನ ಹಿಂಬದಿಯ ತುಟಿ ಕಪ್ಪಿನ ಅಂಚಿನ ಸೀಳಿಗೆ ಸಿಕ್ಕಿರುತ್ತದೆ, ಎಳೆದರೆ ಬರುತ್ತದೆ. ಎಕೆಜಿ ಕೆ701ರಲ್ಲಿ ಡಬ್ಬದ ಮುಚ್ಚಳದ ಹಾಗೆ ತಿರುಗಿಸಬೇಕು. ಸೋನಿ 1000ಎಕ್ಸ್ ಸರಣಿ, ಬೋಸ್ ಕ್ಯೂಸಿ ಬಗೆಯವುಗಳಲ್ಲಿ ಪ್ಲಾಸ್ಟಿಕ್ ರಿಂಗಿನ ಸಣ್ಣ ಹಲ್ಲುಗಳು ಟಿಕ್ ಎಂದು ಕೂತಿರುತ್ತವೆ: ಒಂದು ಅಂಚಿಗೆ ಉಗುರು ಕೊಟ್ಟು ಎಬ್ಬಿಸಿ, ಒಂದೊಂದೇ ಹಲ್ಲು ಬಿಡಿಸಿಕೊಂಡು ಹೋಗಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಹಲ್ಲು ಮುರಿಯುತ್ತದೆ, ಹಳೇ ಎಟಿಎಂ ಕಾರ್ಡ್ ಸಾಕು.

ಅಂಟಿಸಿದ ಪ್ಯಾಡೇ ಕಷ್ಟ. ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಒಂದು ಗೇಣು ದೂರದಿಂದ ಅರ್ಧ ನಿಮಿಷ ಹಿಡಿದು, ಕಾರ್ಡ್ ತೂರಿಸಿ ನಿಧಾನ ಬಿಡಿಸಿ. ಉಳಿದ ಅಂಟನ್ನು ಬೆರಳಿನಿಂದ ಉಜ್ಜಿ ಉಂಡೆ ಮಾಡಿ ತೆಗೆಯಿರಿ. ಹೊಸದನ್ನು 3ರಿಂದ 5 ಮಿ.ಮೀ. ಅಗಲದ ಡಬಲ್ ಸೈಡ್ ಟೇಪಿನಿಂದ ಅಂಚಿಗೆ ಮಾತ್ರ ಅಂಟಿಸಬೇಕು. ಸ್ಪೀಕರಿನ ಸುತ್ತ ಸೂಜಿಮೊನೆಯಷ್ಟು ಸಣ್ಣ ತೂತುಗಳಿರುತ್ತವಲ್ಲ, ಅವು ಗಾಳಿ ಆಡಲೆಂದು ಬಿಟ್ಟಂಥವು. ಟೇಪು ಅವನ್ನು ಮುಚ್ಚಿದರೆ ಒಂದು ಕಿವಿಯ ಬೇಸ್ ಇನ್ನೊಂದಕ್ಕಿಂತ ಬೇರೆಯಾಗುತ್ತದೆ. ಫೆವಿಕ್ವಿಕ್ ಅಂತೂ ಬೇಡವೇ ಬೇಡ. ಅದರ ಹೊಗೆ ಸ್ಪೀಕರಿನ ಕಂಪಿಸುವ ಪೊರೆಯ ಮೇಲೆ ಕೂರುತ್ತದೆ, ಮುಂದಿನ ಸಲ ಪ್ಯಾಡ್ ತೆಗೆಯುವಾಗ ಕಪ್ಪೇ ಕಿತ್ತು ಬರುತ್ತದೆ.

ಪ್ಯಾಡ್ ಕಳಚಿದ ಮೇಲೆ ಸ್ಪೀಕರಿನ ಮುಂದೆ ಒಂದೆರಡು ಮಿ.ಮೀ. ದಪ್ಪದ ಫೋಮ್ ಬಿಲ್ಲೆಯೋ ತೆಳು ಬಟ್ಟೆಯೋ ಇದ್ದರೆ ಅದನ್ನು ಕಸ ಎಂದು ಎಸೆಯಬೇಡಿ. ಕೂದಲು, ಧೂಳು ತಡೆಯುವುದರ ಜೊತೆಗೆ ಚೂಪು ಸದ್ದನ್ನು ಒಂದಿಷ್ಟು ಇಳಿಸುವುದೂ ಅದರ ಕೆಲಸ. ಗಟ್ಟಿ ಇದ್ದರೆ ಹಾಗೇ ಬಿಡಿ. ಮುಟ್ಟಿದರೆ ಪುಡಿಯಾಗುತ್ತಿದ್ದರೆ ಕಪ್ಪನ್ನು ಕೆಳಮುಖ ಹಿಡಿದು ಚಿಮಟದಲ್ಲಿ ತೆಗೆದು, ರಬ್ಬರ್ ಬ್ಲೋವರಿನಿಂದ ಊದಿ, ಅಷ್ಟೇ ದಪ್ಪದ ಹೊಸದನ್ನು ಹಾಕಿ. ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ಸ್ಪೀಕರಿನ ಪೊರೆ ಎಳೆದುಕೊಂಡು ಬರುತ್ತದೆ.

ತುಟಿಯಿರುವ ಪ್ಯಾಡ್ ಹಾಕುವುದೇ ಹೊಸಬರಿಗೆ ಬೆವರು ಬರಿಸುವ ಕೆಲಸ. ಕಪ್ಪನ್ನು ತೊಡೆಯ ಮೇಲಿಟ್ಟು, ತುಟಿಯನ್ನು ಕೆಳ ಅಂಚಿಗೆ ಎರಡು ಮೂರು ಸೆಂ.ಮೀ.ನಷ್ಟು ಸಿಕ್ಕಿಸಿ, ಆ ಜಾಗವನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಬಲಗೈಯಲ್ಲಿ ಕಾರ್ಡಿನ ಮೂಲೆಯಿಂದ ತುಟಿಯನ್ನು ಅಂಚಿನಾಚೆ ದಾಟಿಸುತ್ತಾ, ಸೈಕಲ್ ಟೈರು ರಿಮ್ಮಿಗೆ ಹತ್ತಿಸುವ ಹಾಗೆ ಸುತ್ತ ಬನ್ನಿ. ಕೊನೆಯ ನಾಲ್ಕು ಸೆಂ.ಮೀ. ಬಿಗಿ ಹಿಡಿಯುತ್ತದೆ. ಆಗ ಎಳೆದಾಡಬೇಡಿ, ಎರಡೂ ಬದಿಯ ತುಟಿಯನ್ನು ಬೆರಳಿನಿಂದ ತೀಡಿ ಸಡಿಲವನ್ನು ಅತ್ತ ತಂದರೆ ಜಾರಿ ಕೂರುತ್ತದೆ. ಮಳೆ ಚಳಿಯಲ್ಲಿ ರೆಕ್ಸಿನ್ ಬಿಗಿದಿದ್ದರೆ ಪ್ಯಾಡನ್ನು ಹತ್ತು ನಿಮಿಷ ಜೇಬಿನಲ್ಲಿಟ್ಟುಕೊಂಡು ಆಮೇಲೆ ಹಾಕಿ. ಕಡೆಗೆ ಹೊಲಿಗೆಯ ಗೆರೆ ನೇರವಾಗುವವರೆಗೆ ಪ್ಯಾಡನ್ನು ಸ್ವಲ್ಪ ತಿರುಗಿಸಿ. ಓರೆ ಪ್ಯಾಡಾದರೆ ದಪ್ಪ ಭಾಗ ಕಿವಿಯ ಹಿಂದಕ್ಕೆ. ಒಂದು ಕಡೆಯದು ಚೆನ್ನಾಗಿದೆ ಎಂದು ಒಂದನ್ನೇ ಬದಲಿಸಬೇಡಿ, ಎರಡು ಕಿವಿಗೆ ಎರಡು ಸದ್ದಾಗುತ್ತದೆ.

ಹಾಕಿದ ಮೇಲೆ

ಮತ್ತೆ ಅಂಗೈ ಒತ್ತುವ ಪರೀಕ್ಷೆ ಮಾಡಿ. ಆಮೇಲೆ ಫೋನಿನ ಟೋನ್ ಜನರೇಟರ್ ಆ್ಯಪಿನಲ್ಲಿ 40 ಹರ್ಟ್ಸ್ ತಗ್ಗು ಸದ್ದನ್ನು ಕಡಿಮೆ ವಾಲ್ಯೂಮಿನಲ್ಲಿ ಹಾಕಿ, ಒಂದೊಂದೇ ಕಿವಿಗೆ ಕೇಳಿ. ಎರಡೂ ಕಡೆ ಒಂದೇ ಸಮ ಇರಬೇಕು. ಒಂದು ಕಡೆ ಸಣ್ಣಗಿದ್ದರೆ ತುಟಿ ಎಲ್ಲೋ ಮಡಚಿಕೊಂಡಿದೆ. ವಾರ್ತೆ ಓದುವ ದನಿ ಹಾಕಿ ನೋಡಿ, ತಲೆಯ ನಟ್ಟನಡುವಿನಿಂದ ಬರಬೇಕು. ಇಷ್ಟು ಸರಿಯಿದ್ದರೂ ಸದ್ದು ಹಿಡಿಸದಿದ್ದರೆ ಕೂಡಲೇ ವಾಪಸ್ ಕಳಿಸಬೇಡಿ. ಹೊಸ ಫೋಮ್ ಉಬ್ಬಿಕೊಂಡಿರುತ್ತದೆ, ವಾರ ಹತ್ತು ದಿನ ದಿನವೂ ಹಾಕಿಕೊಂಡರೆ ಮುಖಕ್ಕೆ ಒಗ್ಗುತ್ತದೆ. ವಾಪಸ್ ಕೊಡುವ ಗಡುವು ಮಾತ್ರ ನೋಡಿಕೊಂಡಿರಿ.

ಹೊಸ ಪ್ಯಾಡನ್ನು ಸ್ಯಾನಿಟೈಸರಿನಿಂದ ಒರೆಸುವ ಚಟ ಬಿಡಿ, ಅದರ ಆಲ್ಕೋಹಾಲ್ ರೆಕ್ಸಿನನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ಹಿಂಡಿದ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಅಷ್ಟೇ. ವೆಲೋರನ್ನು ಕಪ್ಪಿನಿಂದ ಕಳಚಿ, ಉಗುರು ಬೆಚ್ಚಗಿನ ನೀರಿಗೆ ಒಂದೆರಡು ಹನಿ ಶಾಂಪೂ ಹಾಕಿ ಅದ್ದಿ, ಟವೆಲಿನಲ್ಲಿ ಸುತ್ತಿ ಒತ್ತಿ. ಹಿಂಡಿದರೆ ಫೋಮ್ ಹರಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಆಸೆ ಮಲೆನಾಡಿನಲ್ಲಿ ಸಹಜ, ಆದರೆ ಹೊಗೆಯ ವಾಸನೆ ಫೋಮಿಗೆ ಹಿಡಿದರೆ ಬಿಡದು. ಫ್ಯಾನಿನ ಕೆಳಗೆ ತಂತಿಗೆ ನೇತುಹಾಕಿ.

ಮಳೆಗಾಲದಲ್ಲಿ ಬಳಸಿದ ಕೂಡಲೇ ಜಿಪ್ ಪೌಚಿಗೆ ಹಾಕಬೇಡಿ, ಬೆವರು ಆರಲು ಅರ್ಧ ಗಂಟೆ ಬಿಡಿ. ಆಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಶೂ ಡಬ್ಬದಲ್ಲಿ ಬರುವ ಒಂದು ಚಿಕ್ಕ ಪೊಟ್ಟಣ ಇಷ್ಟು ದೊಡ್ಡ ಡಬ್ಬಕ್ಕೆ ಏನೂ ಅಲ್ಲ, 50 ಗ್ರಾಮಿನ ಎರಡು ಚೀಲವಾದರೂ ಬೇಕು. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿದೆ ಎಂದು ಲೆಕ್ಕ. ಆ ನೀಲಿ ಬಣ್ಣ ಕೋಬಾಲ್ಟಿನದು, ಮೈಗೆ ಒಳ್ಳೆಯದಲ್ಲ; ಒಣಗಿಸಲೆಂದು ಅಡುಗೆ ಪಾತ್ರೆಯಲ್ಲಿ ಹುರಿಯಬೇಡಿ. ಸಾಧ್ಯವಾದರೆ ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ಪ್ಯಾಡಿನ ಹಿಂಬದಿಯ ಬಟ್ಟೆಯ ಮೇಲೆ ಹಾಕಿದ ತಿಂಗಳು, ವರ್ಷ, ಕೊಂಡ ಅಳತೆಯನ್ನು ಪೆನ್ನಿನಲ್ಲಿ ಬರೆದಿಡಿ. ಮುಂದಿನ ಸಲ ಪೊರೆ ಏಳುವಾಗ ಎಷ್ಟು ಮಳೆಗಾಲ ಬಂತು ಎಂದು ಅಲ್ಲೇ ಓದಬಹುದು, ದಾರ ಸುತ್ತುವ ಕೆಲಸವೂ ಉಳಿಯುತ್ತದೆ.